ಬಿ ಖಾತಾ ಸೈಟು ಅಗ್ಗ ಯಾಕೆ? ಈಗಷ್ಟೇ ಕೆಲಸಕ್ಕೆ ಸೇರಿದವರು ಹಾಕಬೇಕಾದ ಲೆಕ್ಕ

ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿರಲ್ಲ, ಮನೆಯಲ್ಲಿ ಮಾತು ಶುರುವಾಗುತ್ತದೆ. "ಸುಮ್ನೆ ಬಾಡಿಗೆ ಯಾಕೆ ಕಟ್ತೀಯಾ, ಒಂದು ಸೈಟು ನೋಡು." ಹಿರಿಯರು ಹೀಗೆ ಹೇಳುವುದಕ್ಕೆ ಕಾರಣ ಇದೆ. ಕಳೆದ ಮೂವತ್ತು ವರ್ಷಗಳಲ್ಲಿ ಬೆಂಗಳೂರಿನ ಅಂಚಿನಲ್ಲಿ ಜಾಗ ಹಿಡಿದಿದ್ದವರಲ್ಲಿ ಬಹಳ ಮಂದಿ ಮೇಲೆ ಬಂದರು. ಆದರೆ ಈಗ ಸೈಟು ನೋಡಲು ಹೊರಟವರ ಮುಂದೆ ಮೊದಲು ಬರುವುದು ಸುದ್ದಿಗಳ ರಾಶಿ, ಜಾಗ ಆಮೇಲೆ.

2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಅದಾದ ಎರಡೇ ದಿನಕ್ಕೆ, ಸೆಪ್ಟೆಂಬರ್ 2ರಂದು, ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಅಕ್ಟೋಬರ್‌ನಲ್ಲಿ ಬಿ ಖಾತಾ ಸೈಟುಗಳಿಗೆ ಎ ಖಾತಾ ಕೊಡುವ ಯೋಜನೆ ಘೋಷಣೆಯಾಯಿತು. ನಿಯಮದಂತೆ ಆದ ಆಸ್ತಿಗೆ ಪಾಲಿಕೆ ಕೊಡುವುದು ಎ ಖಾತಾ, ಸಕ್ರಮವಲ್ಲದ್ದಕ್ಕೆ ತೆರಿಗೆ ವಸೂಲಿಗಷ್ಟೇ ಇಟ್ಟಿದ್ದು ಬಿ ಖಾತಾ. ಇದರ ನಡುವೆ ಒಸಿ (ಕಟ್ಟಡ ಮಂಜೂರಾದ ನಕ್ಷೆಯಂತಿದೆ, ವಾಸ ಮಾಡಬಹುದು ಎಂದು ಕೊಡುವ ಪತ್ರ) ಇಲ್ಲದ ಮನೆಗೆ ಕರೆಂಟ್ ಇಲ್ಲ ಎಂಬ ಸುದ್ದಿ, ಅದರ ಹಿಂದೆಯೇ ಸಣ್ಣ ಮನೆಗಳಿಗೆ ವಿನಾಯಿತಿ ಎಂಬ ಸುದ್ದಿ.

ಈ ಗೊಂದಲದ ಒಳಗಿಂದ ಒಂದು ಸಲಹೆ ಬಹಳ ಜೋರಾಗಿ ಓಡಾಡುತ್ತಿದೆ. ಈಗ ಬಿ ಖಾತಾ ಸೈಟು ಅಗ್ಗಕ್ಕೆ ತಗೊಳ್ಳಿ, ಸ್ವಲ್ಪ ದುಡ್ಡು ಕಟ್ಟಿ ಎ ಮಾಡಿಸಿ, ಬೆಲೆ ಏರುತ್ತೆ, ಮಾರಿ. ಮೊದಲ ಸಂಬಳದವರ ಕಿವಿಗೆ ಇದು ತುಂಬಾ ಹಿತವಾಗಿ ಕೇಳಿಸುತ್ತದೆ. ಹಾಗಾಗಿ ಇದನ್ನು ಬಿಡಿಸಿ ನೋಡಬೇಕು.

ಖಾತಾ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಖಾತಾ ಅಂದರೆ ತೆರಿಗೆ ಪುಸ್ತಕದ ಒಂದು ನಮೂದು. ಈ ಆಸ್ತಿಯ ತೆರಿಗೆ ಯಾರು ಕಟ್ಟಬೇಕು ಎಂಬುದನ್ನು ಪಾಲಿಕೆ ಬರೆದಿಟ್ಟುಕೊಂಡ ಲೆಕ್ಕ ಅದು. ಮಾಲೀಕತ್ವ ಬೇರೆ ವಿಷಯ. ಅದನ್ನು ಕ್ರಯಪತ್ರ, ಅದರ ಹಿಂದಿನ ಪತ್ರಗಳು, ಪಹಣಿ, ಮ್ಯುಟೇಶನ್ (ಮಾಲೀಕರ ಹೆಸರು ಬದಲಾದ ದಾಖಲೆ), ಕುಟುಂಬದ ವಿಭಾಗಪತ್ರ ಇವೆಲ್ಲ ಸರಪಳಿಯಂತೆ ಸೇರಿ ಹೇಳಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಯಿತು ಎಂದ ಮಾತ್ರಕ್ಕೂ ಮಾಲೀಕತ್ವ ಸಾಬೀತಾಗುವುದಿಲ್ಲ. ಅಲ್ಲಿ ನೋಂದಣಿಯಾಗುವುದು ಇಬ್ಬರ ನಡುವಿನ ಪತ್ರ. ಮಾರುವವರಿಗೆ ನಿಜವಾಗಿ ಮಾರುವ ಹಕ್ಕಿತ್ತಾ ಎಂದು ಯಾರೂ ಅಲ್ಲಿ ತೀರ್ಪು ಕೊಡುವುದಿಲ್ಲ.

ಇ-ಖಾತಾ ಬಂದ ಮೇಲೆ ಗೊಂದಲ ಇನ್ನೂ ಜಾಸ್ತಿಯಾಗಿದೆ. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಇದರಿಂದ ಒಳ್ಳೆಯದೇ ಆಗಿದೆ. ಒಂದೇ ಸೈಟನ್ನು ನಾಲ್ಕು ಜನಕ್ಕೆ ಮಾರುವುದು ಮೊದಲಿನಷ್ಟು ಸುಲಭವಿಲ್ಲ. ಆದರೆ ಬಿ ಖಾತಾಕ್ಕೂ ಇ-ಖಾತಾ ಸಿಗುತ್ತದೆ. "ಇ-ಖಾತಾ ಆಗಿದೆ ಸಾರ್, ಏನೂ ತೊಂದರೆ ಇಲ್ಲ" ಎಂದು ಬ್ರೋಕರ್ ಹೇಳಿದರೆ ಅದು ಅರ್ಧ ಮಾತು. ಕಾಗದ ಕಂಪ್ಯೂಟರಿಗೆ ಬಂದಿದೆ ಅಷ್ಟೇ. ಅದು ಎ ಪುಸ್ತಕದಲ್ಲಿದೆಯೋ ಬಿ ಪುಸ್ತಕದಲ್ಲಿದೆಯೋ ಎಂದು ಮುಂದಿನ ಪ್ರಶ್ನೆ ಕೇಳಲೇಬೇಕು.

ಬಿ ಪುಸ್ತಕ ಯಾಕೆ ತೆರೆದರು?

ಕೃಷಿ ಜಮೀನಿನಲ್ಲಿ ಮನೆ ಕಟ್ಟಬೇಕಾದರೆ ಎರಡು ಹೆಜ್ಜೆ ಇದೆ. ಮೊದಲು 1964ರ ಭೂಕಂದಾಯ ಕಾಯ್ದೆಯ ಕೆಳಗೆ ಭೂ ಪರಿವರ್ತನೆ ಆಗಬೇಕು. ಜನ ಅದನ್ನು ಡಿಸಿ ಕನ್ವರ್ಷನ್ ಅಂತಾರೆ. ಆಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಬಡಾವಣೆಯ ನಕ್ಷೆಗೆ ಒಪ್ಪಿಗೆ ಸಿಗಬೇಕು. ಆ ನಕ್ಷೆಯಲ್ಲಿ ರಸ್ತೆ, ಪಾರ್ಕು, ಚರಂಡಿ, ಶಾಲೆ ಆಸ್ಪತ್ರೆಗಳಿಗೆ ಜಾಗ ಬಿಡಬೇಕು. ಹಾಗೆ ಬಿಟ್ಟ ಜಾಗ ಮಾರಾಟಕ್ಕೆ ಬರುವುದಿಲ್ಲ. ಉಳಿದ ಸೈಟುಗಳ ಬೆಲೆಯಲ್ಲಿ ಅದರ ಖರ್ಚೂ ಸೇರುತ್ತದೆ.

ಈ ಎರಡೂ ಹೆಜ್ಜೆ ಬಿಟ್ಟು, ಹೊಲವನ್ನೇ 30×40 ತುಂಡು ಮಾಡಿ ಮಾರಿದ್ದು ರೆವೆನ್ಯೂ ಸೈಟು. ಪಾರ್ಕಿಗೆ ಜಾಗ ಬಿಡಬೇಕಿಲ್ಲ, ರಸ್ತೆ ಇಪ್ಪತ್ತು ಅಡಿ ಇದ್ದರೆ ಸಾಕು, ಶುಲ್ಕ ಇಲ್ಲ. ಹಾಗಾಗಿ ಅಗ್ಗ. ನಗರಕ್ಕೆ ಬಂದ ಸಾಮಾನ್ಯ ಜನರ ಕೈಗೆ ಎಟುಕಿದ್ದೂ ಇದೇ. ಅವರನ್ನು ಕಳ್ಳರಂತೆ ನೋಡುವುದು ಸರಿಯಲ್ಲ. ಸರ್ಕಾರಿ ಬಡಾವಣೆಗಳು ಸಾಕಷ್ಟು ಬೇಗ ಬರಲಿಲ್ಲ, ಬಂದ ಕಡೆ ಸೈಟು ಎಲ್ಲರಿಗೂ ಸಿಗಲಿಲ್ಲ. ಜನ ಸಿಕ್ಕಿದ್ದನ್ನು ಕೊಂಡರು.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಒಂದೇ ಏಟಿಗೆ ಇಂಥ ಸೈಟುಗಳು ಲಕ್ಷಗಟ್ಟಲೆ ಪಾಲಿಕೆಯ ಒಳಗೆ ಬಂದವು. ಅವಕ್ಕೂ ರಸ್ತೆ, ದೀಪ, ನೀರು, ಕಸ ವಿಲೇವಾರಿ ಎಲ್ಲ ಬೇಕು. ದುಡ್ಡು ಬೇಕು ಅಂದರೆ ತೆರಿಗೆ ಬೇಕು. ಆದರೆ ಸಕ್ರಮ ಎಂದು ಒಪ್ಪಿಕೊಳ್ಳುವ ಹಾಗಿಲ್ಲ. ಅದಕ್ಕೇ ಬೇರೆ ಪುಸ್ತಕ ತೆರೆದರು. ತೆರಿಗೆ ವಸೂಲಿ ಮಾಡುತ್ತೇವೆ, ಇದರಿಂದ ಸಕ್ರಮದ ಹಕ್ಕು ಬರುವುದಿಲ್ಲ ಎಂಬುದು ಅದರ ಹಿಂದಿನ ಕಾನೂನಿನ ಅರ್ಥ. ಬಿ ಖಾತಾ ಹುಟ್ಟಿದ್ದೇ ಹಾಗೆ.

ಆಮೇಲೆ ಅಕ್ರಮ-ಸಕ್ರಮ ಬಂತು, ಅಂದರೆ ಶುಲ್ಕ ಕಟ್ಟಿಸಿಕೊಂಡು ನಿಯಮ ಮೀರಿದ್ದನ್ನು ಸಕ್ರಮ ಮಾಡುವ ಯೋಜನೆ. ವರ್ಷಗಟ್ಟಲೆ ಜನ ಅದನ್ನೇ ನಂಬಿ ಕೂತರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. "ಇನ್ನೇನು ಸಕ್ರಮ ಆಗುತ್ತೆ" ಎಂಬ ಭರವಸೆಯ ಮೇಲೆ ಸೈಟು ಮಾರಾಟವಾಗುವುದು ಹೊಸ ವಿಷಯವಲ್ಲ ಎನ್ನುವುದಕ್ಕೆ ಇದನ್ನು ನೆನಪಿಡಬೇಕು.

ಈಗಿನ ಯೋಜನೆ ಕೊಡುವುದೇನು?

ಘೋಷಣೆಯಾದಾಗಿನ ರೂಪದಲ್ಲಿ ಯೋಜನೆ ಹೀಗಿತ್ತು. 2025ರ ನವೆಂಬರ್ 1ರಿಂದ 100 ದಿನ ಆನ್‌ಲೈನ್ ಅರ್ಜಿ. 2,000 ಚದರ ಮೀಟರ್‌ವರೆಗಿನ ಸೈಟು. ಸೈಟಿನ ಮಾರ್ಗಸೂಚಿ ಬೆಲೆಯ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯಾದ ಗೈಡೆನ್ಸ್ ವ್ಯಾಲ್ಯೂವಿನ, ಶೇ 5ರಷ್ಟು ಶುಲ್ಕ. ಇಂಥ ಯೋಜನೆಗಳ ದರ, ಗಡುವು ಎರಡೂ ಬದಲಾಗುತ್ತಿರುತ್ತವೆ. ಹಾಗಾಗಿ ಅರ್ಜಿ ಹಾಕುವ ದಿನ ಪಾಲಿಕೆಯ ಆದೇಶ ನೋಡಿಯೇ ಮುಂದುವರಿಯಬೇಕು.

ಇಲ್ಲಿ ಎರಡು ವಿಷಯ ತಲೆಯಲ್ಲಿರಬೇಕು. ಒಂದು, ಎ ಖಾತಾ ಸಿಗುವುದು ಸೈಟಿಗೆ. ಅದರ ಮೇಲೆ ನಕ್ಷೆ ಮಂಜೂರಾತಿ ಇಲ್ಲದೆ ನಾಲ್ಕು ಮಹಡಿ ಎಬ್ಬಿಸಿ ಪಿಜಿ ನಡೆಸುತ್ತಿದ್ದರೆ ಆ ಕಟ್ಟಡ ಇದರಿಂದ ಸಕ್ರಮವಾಗುವುದಿಲ್ಲ. ಎರಡು, ಸರ್ಕಾರಿ ಜಾಗ, ಕೆರೆ, ರಾಜಕಾಲುವೆ, ಸ್ವಾಧೀನಕ್ಕೆ ಗುರುತಾದ ಜಮೀನು, ಕೋರ್ಟಿನಲ್ಲಿರುವ ಆಸ್ತಿ ಇವುಗಳ ದೋಷವನ್ನು ಶುಲ್ಕ ಕಟ್ಟಿ ತೊಳೆಯಲು ಆಗುವುದಿಲ್ಲ.

ಕರೆಂಟಿನ ಸುದ್ದಿಗೂ ಇದಕ್ಕೂ ನಂಟಿದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಡಿ ಎಂದಿತು. ಜನ ಇದನ್ನೇ ಒಸಿ ಅನ್ನುವುದು. ಒಸಿ ಬೇಕಾದರೆ ಮಂಜೂರಾದ ನಕ್ಷೆ ಬೇಕು. ನಕ್ಷೆ ಬೇಕಾದರೆ ಎ ಖಾತಾ ಬೇಕು. ಹೀಗೆ ಬಿ ಖಾತಾದ ಹೊಸ ಮನೆಗಳು ಸಾಲಾಗಿ ಸಿಕ್ಕಿಬಿದ್ದವು. 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿದ್ದು ಈ ಒತ್ತಡದಿಂದಲೇ.

ಯಾರು ಏನಂತಾರೆ?

ಸರ್ಕಾರದ ವಾದ ಸರಳ. ಲಕ್ಷಾಂತರ ಕುಟುಂಬಗಳು ಅರೆಬೆಳಕಿನಲ್ಲಿವೆ, ಅವರನ್ನು ಕಾನೂನಿನ ಒಳಗೆ ತರಬೇಕು, ಪಾಲಿಕೆಗೂ ಆದಾಯ ಬೇಕು.

ಸೈಟಿನ ಮಾಲೀಕರ ಸಿಟ್ಟಿಗೂ ಅರ್ಥವಿದೆ. ವರ್ಷಗಟ್ಟಲೆ ತೆರಿಗೆ ಕಟ್ಟಿದ್ದೇವೆ, ಕೆಲವರು ಹಿಂದೆ ಅಭಿವೃದ್ಧಿ ಶುಲ್ಕವನ್ನೂ ಕಟ್ಟಿದ್ದಾರೆ, ಮತ್ತೆ ಶೇ 5 ಯಾಕೆ ಎಂದು ಕೇಳುತ್ತಾರೆ. ಮಾರ್ಗಸೂಚಿ ಬೆಲೆ 2023ರ ಅಕ್ಟೋಬರ್‌ನಲ್ಲಿ ಪರಿಷ್ಕರಣೆಯಾಗಿದ್ದರಿಂದ ಆ ಶೇ 5 ಕೂಡ ಸಣ್ಣ ಮೊತ್ತವಲ್ಲ. ವಿರೋಧ ಪಕ್ಷಗಳು ಇದನ್ನು ಜನರ ಜೇಬಿಗೆ ಕೈಹಾಕುವ ಕೆಲಸ ಎಂದಿವೆ.

ನಗರ ಯೋಜನೆಯ ಕಡೆಯವರ ಆಕ್ಷೇಪ ಇನ್ನೊಂದು ಬಗೆಯದು. ಪಾರ್ಕಿಗೆ ಜಾಗ ಬಿಟ್ಟು ಕಾನೂನು ಪಾಲಿಸಿದವರಿಗೆ ಜಾಸ್ತಿ ಖರ್ಚಾಯಿತು, ಬಿಡದವರಿಗೆ ಕೊನೆಗೆ ಕಡಿಮೆಯಲ್ಲಿ ಮುಗಿಯಿತು. ಮುಂದಿನವರು ಇದರಿಂದ ಯಾವ ಪಾಠ ಕಲಿಯುತ್ತಾರೆ ಎಂಬುದು ಅವರ ಪ್ರಶ್ನೆ. ಕಾಗದದ ಮೇಲೆ ಎ ಆದರೂ ಇಪ್ಪತ್ತು ಅಡಿ ರಸ್ತೆ ಮೂವತ್ತಾಗುವುದಿಲ್ಲ, ಅಗ್ನಿಶಾಮಕದ ಗಾಡಿ ಒಳಗೆ ಬರುವುದಿಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗಂತ ಅಲ್ಲಿ ಈಗಾಗಲೇ ಮನೆ ಕಟ್ಟಿ ಬದುಕುತ್ತಿರುವವರನ್ನು ಶಾಶ್ವತವಾಗಿ ಬಿ ಪುಸ್ತಕದಲ್ಲೇ ಇಡುವುದೂ ನ್ಯಾಯವಲ್ಲ. ಆದರೆ ಈ ಯೋಜನೆಯ ಕಾಳಜಿ ಈಗಾಗಲೇ ಕೊಂಡವರ ಬಗ್ಗೆ. ಇನ್ನೂ ಕೊಳ್ಳದವರಿಗೆ ಇದು ಆಹ್ವಾನ ಪತ್ರಿಕೆ ಎಂದು ಓದಿಕೊಳ್ಳಬಾರದು.

ಮಾರುವವರೇ ಯಾಕೆ ಎ ಮಾಡಿಸಿಕೊಳ್ಳಲಿಲ್ಲ?

ಒಂದು ಉದಾಹರಣೆ ಲೆಕ್ಕ ಹಾಕೋಣ. ಅಕ್ಕಪಕ್ಕದ ಎರಡು ಬಡಾವಣೆ, ಎರಡರಲ್ಲೂ 30×40 ಸೈಟು, ಅಂದರೆ 1,200 ಚದರಡಿ. ಎ ಖಾತಾದ್ದು ಚದರಡಿಗೆ 5,000 ರೂಪಾಯಿಯಂತೆ 60 ಲಕ್ಷ. ಬಿ ಖಾತಾದ್ದು 3,500ರಂತೆ 42 ಲಕ್ಷ. ಮಾರ್ಗಸೂಚಿ ಬೆಲೆ ಚದರಡಿಗೆ 3,000 ಎಂದುಕೊಳ್ಳೋಣ, ಒಟ್ಟು 36 ಲಕ್ಷ. ಅದರ ಶೇ 5 ಅಂದರೆ 1.80 ಲಕ್ಷ.

ಅಂದರೆ 1.80 ಲಕ್ಷ ಕಟ್ಟಿದರೆ 18 ಲಕ್ಷ ಲಾಭ. ಬ್ರೋಕರ್ ತೋರಿಸುವುದು ಈ ಲೆಕ್ಕವನ್ನೇ.

ಇಲ್ಲೇ ನಿಂತು ಒಂದು ಪ್ರಶ್ನೆ ಕೇಳಬೇಕು. ಇಷ್ಟು ಸುಲಭಕ್ಕೆ 18 ಲಕ್ಷ ಬರುವುದಾದರೆ ಸೈಟಿನ ಈಗಿನ ಮಾಲೀಕರು ಅದನ್ನು ನಿಮಗೆ ಯಾಕೆ ಬಿಟ್ಟುಕೊಡುತ್ತಾರೆ? ಅವರೇ 1.80 ಲಕ್ಷ ಕಟ್ಟಿ, ಕೆಲವು ತಿಂಗಳು ಕಾದು, 60ಕ್ಕೆ ಮಾರಬಹುದಲ್ವಾ?

ಉತ್ತರ ಮೂರೇ ಇರಲು ಸಾಧ್ಯ. ಅವರಿಗೆ ಮದುವೆ, ಆಸ್ಪತ್ರೆ, ಸಾಲ ಹೀಗೆ ಏನೋ ಅರ್ಜೆಂಟ್ ಇರಬಹುದು. ಇಂಥವರು ಇದ್ದಾರೆ, ಆದರೆ ಕಡಿಮೆ. ಎರಡನೆಯದು, ಯೋಜನೆಯ ಸುದ್ದಿ ಅವರಿಗೂ ಗೊತ್ತು, ಬೆಲೆಯನ್ನು ಆಗಲೇ ಏರಿಸಿಯೇ ಹೇಳುತ್ತಿದ್ದಾರೆ. ಆಗ 42 ಎಂಬುದು 50 ಆಗಿರುತ್ತದೆ, ಲಾಭದ ದೊಡ್ಡ ಪಾಲು ಅವರ ಜೇಬಿಗೆ ಹೋಗಿರುತ್ತದೆ. ಮೂರನೆಯದು, ಆ ಸೈಟಿಗೆ ಎ ಖಾತಾ ಸಿಗುವುದಿಲ್ಲ ಎಂದು ಅವರಿಗೆ ಗೊತ್ತಿದೆ. ಕೊಳ್ಳಲು ಬಂದ ಹೊಸಬರಿಗೆ ಈ ಮೂರರಲ್ಲಿ ಯಾವುದು ಎಂದು ತಿಳಿಯುವ ದಾರಿ ತುಂಬಾ ಕಡಿಮೆ. ಮಾರುವವರಿಗೆ ಮಾತ್ರ ಚೆನ್ನಾಗಿ ಗೊತ್ತು.

ಸರಿ, ಎಲ್ಲ ಸರಿಯಿದ್ದ ಸೈಟೇ ಸಿಕ್ಕಿತು ಎಂದುಕೊಂಡು ಲೆಕ್ಕ ಮುಂದುವರಿಸೋಣ. 42 ಲಕ್ಷಕ್ಕೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ ಶೇ 5.6, ನೋಂದಣಿ ಶೇ 2. ಒಟ್ಟು ಶೇ 7.6. ಅಂದರೆ ಸುಮಾರು 3.19 ಲಕ್ಷ. ಪರಿವರ್ತನೆಯ 1.80 ಸೇರಿಸಿದರೆ ಕೈಯಿಂದ ಹೋಗಿದ್ದು 47 ಲಕ್ಷ. ಇದೇ 47 ಲಕ್ಷ ಶೇ 7ರ ಠೇವಣಿಯಲ್ಲಿದ್ದಿದ್ದರೆ ಮೂರು ವರ್ಷಕ್ಕೆ ಸರಳ ಬಡ್ಡಿಯಲ್ಲೇ ಹತ್ತಿರ ಹತ್ತಿರ 9.9 ಲಕ್ಷ ಬರುತ್ತಿತ್ತು. ಅಂದರೆ ಕಾಗದ ಸರಿಯಾಗಿ, ಕೊಳ್ಳುವವರು ಸಿಗುವಷ್ಟರಲ್ಲಿ ಮೂರು ವರ್ಷ ಹಿಡಿದರೆ ಆ ಸೈಟಿನ ನಿಜವಾದ ಖರ್ಚು 57 ಲಕ್ಷ. 60ಕ್ಕೆ ಮಾರಿದರೆ ಉಳಿಯುವುದು 3 ಲಕ್ಷ. ಅದರಲ್ಲಿ ಬ್ರೋಕರ್ ಕಮಿಷನ್, ತೆರಿಗೆ ಎರಡೂ ಕಳೆಯಬೇಕು.

ಮೂರು ವರ್ಷದಲ್ಲಿ ಜಾಗದ ಬೆಲೆ ಏರಬಹುದು, ನಿಜ. ಆದರೆ ಆ ಏರಿಕೆ ಪಕ್ಕದ ಎ ಖಾತಾ ಸೈಟಿಗೂ ಬರುತ್ತದೆ. ಎ ಖಾತಾಕ್ಕೆ ಬ್ಯಾಂಕು ಸಾಲ ಕೊಡುತ್ತದೆ, ಮಾರುವಾಗ ಗಿರಾಕಿ ಬೇಗ ಸಿಗುತ್ತಾರೆ. ಆ 18 ಲಕ್ಷದ ವ್ಯತ್ಯಾಸದಲ್ಲಿ ಕಾಯುವ ಕಾಲ, ಸಾಲ ಸಿಗದ ತಾಪತ್ರಯ, ಎ ಆಗದೇ ಹೋಗುವ ಭಯ ಎಲ್ಲ ಸೇರಿಕೊಂಡೇ ಇದೆ.

ಇನ್ನೊಂದು ಮಾತು. 42ಕ್ಕೆ ಕೊಂಡು "ಪತ್ರದಲ್ಲಿ 36 ತೋರಿಸೋಣ, ಉಳಿದದ್ದು ಕ್ಯಾಶ್" ಅಂತಾರೆ. ಶುಲ್ಕ ಉಳಿಯುತ್ತೆ ಎಂದು ಹೊಸಬರು ತಲೆಯಾಡಿಸುತ್ತಾರೆ. ಮುಂದೆ ಮಾರುವಾಗ ಕಾನೂನಿನ ಕಣ್ಣಿಗೆ ನಿಮ್ಮ ಖರೀದಿ ಬೆಲೆ 36 ಲಕ್ಷ. ಕ್ಯಾಶ್ ಕೊಟ್ಟ 6 ಲಕ್ಷವೂ ಲಾಭವೆಂದೇ ಲೆಕ್ಕವಾಗಿ, ಎರಡು ವರ್ಷ ಮೀರಿದ ಆಸ್ತಿಗೆ ಈಗಿರುವ ಶೇ 12.5ರ ದರದಲ್ಲಿ ಅದಕ್ಕೇ 75,000 ತೆರಿಗೆ ಬೀಳುತ್ತದೆ. 2024ರ ಜುಲೈ 23ರ ನಂತರ ಕೊಂಡ ಆಸ್ತಿಗೆ ಹಣದುಬ್ಬರದ ಕಡಿತವೂ ಇಲ್ಲ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ಪಡೆಯುವುದನ್ನೇ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಬ್ಯಾಂಕಿನ "ಇಲ್ಲ" ಎಂಬ ಮಾತು

ಬಿ ಖಾತಾ ಸೈಟಿಗೆ ಸಾಮಾನ್ಯವಾಗಿ ದೊಡ್ಡ ಬ್ಯಾಂಕುಗಳು ಗೃಹಸಾಲ ಕೊಡುವುದಿಲ್ಲ. ಕೊಡುವ ಕೆಲವು ಫೈನಾನ್ಸ್ ಕಂಪನಿಗಳ ಬಡ್ಡಿ ಜಾಸ್ತಿ. ಹೊಸಬರು ಇದನ್ನು ಬರೀ ತೊಂದರೆ ಎಂದು ನೋಡುತ್ತಾರೆ. ನಿಜವಾಗಿ ಅದು ಒಂದು ಬಿಟ್ಟಿ ಸಲಹೆ. ಬ್ಯಾಂಕಿನ ವಕೀಲರು ದಿನವೂ ಇಂಥ ಕಾಗದಗಳನ್ನೇ ನೋಡುತ್ತಾರೆ. ಈ ಜಾಗವನ್ನು ಅಡವಿಟ್ಟುಕೊಂಡರೆ ನಾಳೆ ಮಾರಿ ದುಡ್ಡು ವಾಪಸ್ ಪಡೆಯುವುದು ಕಷ್ಟ ಎಂದು ಅವರು ಹೇಳಿದರೆ, ಅದೇ ಕಷ್ಟ ನಾಳೆ ನಿಮಗೂ ಇದೆ.

ಸಾಲ ಸಿಗದಿದ್ದರೆ 42 ಲಕ್ಷ ಎಲ್ಲಿಂದ ಬರುತ್ತದೆ? ತಿಂಗಳಿಗೆ 35,000 ಸಂಬಳದ ಹುಡುಗನ ಹತ್ತಿರ ಅಷ್ಟಿರುವುದಿಲ್ಲ. ಊರಿನ ಎರಡು ಎಕರೆ ಮಾರುತ್ತಾರೆ. ಅಮ್ಮನ ಒಡವೆ ಅಡವಿಗೆ ಹೋಗುತ್ತದೆ. ಅಪ್ಪನ ನಿವೃತ್ತಿಯ ಹಣ ಕರಗುತ್ತದೆ. ಉಳಿದದ್ದಕ್ಕೆ ಪರ್ಸನಲ್ ಲೋನು. ಈ ಹೂಡಿಕೆಯ ನಿಜವಾದ ಅಪಾಯ ಇರುವುದು ಇಲ್ಲಿ. ಬ್ಯಾಂಕು ತನ್ನ ದುಡ್ಡು ಹಾಕಲು ಒಪ್ಪದ ಜಾಗದ ಮೇಲೆ ಮೂರು ಜನರ ಇಡೀ ಜೀವಮಾನದ ದುಡಿಮೆ ಕೂತಿರುತ್ತದೆ.

ಇಸಿ ಸೊನ್ನೆ ಬಂದರೂ ನಂಬುವಂತಿಲ್ಲ

ಕಾಗದ ನೋಡುವುದು ಹೇಗೆ ಎಂಬುದಕ್ಕೆ ಒಂದೇ ಒಂದು ಕಾಗದವನ್ನು ಹತ್ತಿರದಿಂದ ನೋಡೋಣ: ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಆ ಆಸ್ತಿಯ ಮೇಲೆ ಯಾವ ಯಾವ ಪತ್ರ ನೋಂದಣಿಯಾಗಿದೆ ಎಂದು ಅದು ತೋರಿಸುತ್ತದೆ.

ರೆವೆನ್ಯೂ ಸೈಟಿನ ವಿಷಯದಲ್ಲಿ ಇಲ್ಲೊಂದು ತೊಡಕಿದೆ. ಒಂದೇ ನೆಲಕ್ಕೆ ಹಲವು ಹೆಸರು. ಈಗಿನ ಕ್ರಯಪತ್ರದಲ್ಲಿ ಅದು "ಸೈಟ್ ನಂಬರ್ 14". ಅದರ ಹಿಂದೆ ಪಂಚಾಯಿತಿಯ ಖಾತಾ ನಂಬರ್. ಅದಕ್ಕೂ ಹಿಂದೆ "ಸರ್ವೆ ನಂಬರ್ 45/2ರಲ್ಲಿ ಒಂದು ಎಕರೆ ಹತ್ತು ಗುಂಟೆ". ಸೈಟ್ ನಂಬರ್ ಹಾಕಿ ಹುಡುಕಿದರೆ ಇಸಿಯಲ್ಲಿ ಏನೂ ಬರದೇ ಇರಬಹುದು. ಅದನ್ನೇ ತೋರಿಸಿ "ಕ್ಲಿಯರ್ ಇದೆ" ಅಂತಾರೆ. ಸರ್ವೆ ನಂಬರ್ ಹಾಕಿ ಹುಡುಕಿದರೆ ಆ ಒಂದು ಎಕರೆ ಹತ್ತು ಗುಂಟೆಯ ಮೇಲೆ ಅಣ್ಣತಮ್ಮಂದಿರ ವಿಭಾಗಪತ್ರ, ಹಳೆಯ ಅಡಮಾನ, ಇನ್ನೊಬ್ಬರಿಗೆ ಮಾಡಿಕೊಟ್ಟ ಅಗ್ರಿಮೆಂಟು ಹೊರಬರಬಹುದು. ಹಾಗಾಗಿ ಎರಡೂ ಹೆಸರಿನಲ್ಲಿ ಇಸಿ ತೆಗೆಯಬೇಕು. ಆನ್‌ಲೈನ್‌ನಲ್ಲಿ ಸಿಗುವುದು 2004ರಿಂದ ಈಚಿನದು. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗಬೇಕು.

ಇಸಿಗೆ ಗೊತ್ತೇ ಆಗದ ವಿಷಯಗಳೂ ಇವೆ. ನೋಂದಣಿಯಾಗದ ಅಗ್ರಿಮೆಂಟು ಅದರಲ್ಲಿ ಕಾಣಲ್ಲ. ಕೋರ್ಟಿನ ಕೇಸು ಎಷ್ಟೋ ಸಲ ಕಾಣಲ್ಲ. ಆ ಜಮೀನು ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಆ ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಬಡವರ ಭೂಮಿ ಬಡವರ ಕೈಯಲ್ಲೇ ಉಳಿಯಲಿ ಎಂದು ಮಾಡಿದ ಕಾನೂನು ಅದು, ಇರಬೇಕಾದ್ದೇ. ಗೊತ್ತಿಲ್ಲದೆ ಅಂಥ ಜಾಗದಲ್ಲಿ ಸೈಟು ಕೊಂಡವರು ಮಾತ್ರ ಕಷ್ಟಕ್ಕೆ ಸಿಗುತ್ತಾರೆ. ಇನ್ನು ಬರೀ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮೇಲೆ ಮಾರಾಟ ಎಂದರೆ 2011ರಲ್ಲೇ ಸುಪ್ರೀಂ ಕೋರ್ಟ್ ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು ಸ್ಪಷ್ಟ ಮಾಡಿದೆ.

ಸರ್ಕಾರದ ದಿಶಾಂಕ್ ಆ್ಯಪ್ ಹಿಡಿದು ಸೈಟಿನ ಮೇಲೆ ನಿಂತರೆ ಅದು ಯಾವ ಸರ್ವೆ ನಂಬರ್ ಎಂದು ತೋರಿಸುತ್ತದೆ. ಪತ್ರದಲ್ಲಿರುವ ನಂಬರಿಗೂ ಕಾಲ ಕೆಳಗಿನ ನಂಬರಿಗೂ ಹೊಂದದಿದ್ದರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ. ಪಕ್ಕದಲ್ಲಿ ರಾಜಕಾಲುವೆ ಇದೆಯಾ ಎಂದೂ ಅಲ್ಲೇ ನೋಡಿ. 2022ರ ಸೆಪ್ಟೆಂಬರ್ ಮಳೆಯ ನಂತರ ಬೆಂಗಳೂರಿನಲ್ಲಿ ಕಾಲುವೆ ಒತ್ತುವರಿ ತೆರವು ನಡೆದಾಗ ಜನರಿಗೆ ಇದರ ಬಿಸಿ ತಟ್ಟಿತ್ತು.

ಭೂಸ್ವಾಧೀನದ ಪಾಠ ಬೇಕಿದ್ದರೆ ಡಾ. ಶಿವರಾಮ ಕಾರಂತ ಬಡಾವಣೆಯ ಕಥೆ ಇದೆ. 2008ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) 17 ಹಳ್ಳಿಗಳ 3,500ಕ್ಕೂ ಹೆಚ್ಚು ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಆಮೇಲೆ ಹೈಕೋರ್ಟಿನಲ್ಲಿ ಅದು ರದ್ದಾಯಿತು, ಜನ ಮುಗಿಯಿತು ಎಂದುಕೊಂಡರು, ಸೈಟು ಕೊಂಡರು, ಮನೆ ಕಟ್ಟಿದರು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನವನ್ನು ಎತ್ತಿಹಿಡಿಯಿತು. ಆಮೇಲೆ ಕಟ್ಟಿದ್ದ ಮನೆಗಳ ದಾಖಲೆ ನೋಡಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದ ಸಮಿತಿಯೇ ಬೇಕಾಯಿತು. ಹತ್ತು ವರ್ಷ ಕಳೆದ ಮೇಲೂ ಅಧಿಸೂಚನೆಯೊಂದು ಎದ್ದು ಬರಬಹುದು ಎಂದು ಅಲ್ಲಿ ಸೈಟು ಕೊಂಡ ಎಷ್ಟೋ ಜನ ಅಂದುಕೊಂಡಿರಲಿಲ್ಲ.

ಸಾಲ ಸಿಗುವ ಫ್ಲ್ಯಾಟಾದರೆ?

ಕಾಗದ ಸರಿಯಿರುವ 50 ಲಕ್ಷದ ಫ್ಲ್ಯಾಟು ತೆಗೆದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲದಲ್ಲಿ ಬ್ಯಾಂಕು ಬೆಲೆಯ ಶೇ 80ರವರೆಗೆ ಕೊಡಬಹುದು, ಅಂದರೆ 40 ಲಕ್ಷ. ನೀವು 10 ಲಕ್ಷ ಹಾಕಬೇಕು. ಮುದ್ರಾಂಕ, ನೋಂದಣಿ ಸೇರಿ ಶೇ 7.6 ಎಂದರೆ 3.80 ಲಕ್ಷ, ಅದು ಬ್ಯಾಂಕಿನ ಸಾಲದ ಲೆಕ್ಕಕ್ಕೆ ಸೇರುವುದಿಲ್ಲ, ಕೈಯಿಂದಲೇ ಹೋಗಬೇಕು. ಶೇ 8 ಬಡ್ಡಿಗೆ 20 ವರ್ಷದ ಕಂತು ತಿಂಗಳಿಗೆ ಸುಮಾರು 33,450. ವರ್ಷಕ್ಕೆ ಬೆಲೆಯ ಶೇ 3.5ರಷ್ಟು ಬಾಡಿಗೆ ಬಂದರೆ ತಿಂಗಳಿಗೆ 14,600. ಉಳಿದ 18,850 ಸಂಬಳದಿಂದ ಹೋಗಬೇಕು, ಅದೂ ನಿರ್ವಹಣಾ ಶುಲ್ಕ ಸೇರಿಸದೆ. 35,000 ಸಂಬಳಕ್ಕೆ ಬ್ಯಾಂಕು ಈ ಸಾಲ ಒಪ್ಪುವುದೇ ಕಷ್ಟ.

"ಮನೆ ಸಾಲ ಇದ್ದರೆ ತೆರಿಗೆ ಉಳಿಯುತ್ತೆ" ಎಂಬ ಹಳೆಯ ಮಾತೂ ಈಗ ಇವರಿಗೆ ಹೊಂದುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ಕಟ್ಟದ ತೆರಿಗೆಯನ್ನು ಉಳಿಸುವುದು ಹೇಗೆ?

ನಿರ್ಮಾಣದಲ್ಲಿರುವ ಯೋಜನೆ ಅಥವಾ ಹೊಸ ಬಡಾವಣೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಮೊದಲು ಕೇಳಿ. 500 ಚದರ ಮೀಟರ್ ಅಥವಾ 8 ಮನೆ ಮೀರಿದ ಯೋಜನೆಗೆ ಅದು ಕಡ್ಡಾಯ. ನೋಂದಣಿಗೆ ಮುಂಚೆ ಜಾಹೀರಾತು ಕೊಡುವಂತೆಯೂ ಇಲ್ಲ, ಮಾರಾಟದ ಒಪ್ಪಂದ ನೋಂದಾಯಿಸದೆ ಶೇ 10ಕ್ಕಿಂತ ಜಾಸ್ತಿ ಮುಂಗಡ ಪಡೆಯುವಂತೆಯೂ ಇಲ್ಲ. "ಪ್ರಿ-ಲಾಂಚ್ ರೇಟು, ಇವತ್ತೇ ಟೋಕನ್ ಹಾಕಿ" ಎಂಬ ಫೋನು ಬಂದಾಗ ಈ ಎರಡು ನಿಯಮ ನೆನಪಿದ್ದರೆ ಸಾಕು.

ಸಣ್ಣ ಮೊತ್ತದಿಂದ ಶುರು ಮಾಡಬೇಕೆಂದರೆ

ಜಾಗದ ಹೂಡಿಕೆಯ ರುಚಿ ನೋಡಲು 42 ಲಕ್ಷವೇ ಬೇಕೆಂದಿಲ್ಲ. ರೀಟ್ ಅಂದರೆ ಹಲವರ ದುಡ್ಡು ಸೇರಿಸಿ ಕಚೇರಿ, ಮಾಲ್‌ಗಳನ್ನು ಹೊಂದಿ, ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುವ ಟ್ರಸ್ಟ್. ಭಾರತದ ಮೊದಲ ರೀಟ್ ಆದ ಎಂಬೆಸಿ ಆಫೀಸ್ ಪಾರ್ಕ್ಸ್ 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು. ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕು ಅದರ ಆಸ್ತಿಗಳಲ್ಲಿ ಒಂದು. ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್, ಮಾಲ್‌ಗಳ ನೆಕ್ಸಸ್, 2025ರಲ್ಲಿ ನಾಲೆಡ್ಜ್ ರಿಯಾಲ್ಟಿ ಬಂದವು. ಮೊದಲು ಇದಕ್ಕೆ ಕನಿಷ್ಠ 2 ಲಕ್ಷ ಬೇಕಿತ್ತು. 2021ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ನಿಯಮ ಸಡಿಲಿಸಿತು. ಈಗ ಪೇಟೆಯಲ್ಲಿ ಒಂದೇ ಯೂನಿಟ್ಟನ್ನೂ ಕೆಲವು ನೂರು ರೂಪಾಯಿಗೆ ಕೊಳ್ಳಬಹುದು. ಬಾಡಿಗೆಯಿಂದ ಹಂಚಲು ಉಳಿಯುವ ಹಣದಲ್ಲಿ ಕನಿಷ್ಠ ಶೇ 90ನ್ನು ಹೂಡಿಕೆದಾರರಿಗೆ ಕೊಡಲೇಬೇಕು.

ಇದರಲ್ಲೂ ಏರಿಳಿತ ಇದೆ. ಕಚೇರಿಗಳು ಖಾಲಿಯಾದರೆ ಬಾಡಿಗೆ ಇಳಿಯುತ್ತದೆ, ಬಡ್ಡಿದರ ಏರಿದರೆ ಯೂನಿಟ್ ಬೆಲೆ ಬೀಳಬಹುದು. "ನನ್ನದೊಂದು ಸೈಟು" ಎಂದು ಬೇಲಿ ಹಿಡಿದು ನಿಲ್ಲುವ ಖುಷಿಯಂತೂ ಇದರಲ್ಲಿ ಸಿಗಲ್ಲ. ಆದರೆ ತಿಂಗಳಿಗೆ ಎರಡು ಸಾವಿರ ಹಾಕುತ್ತಾ ಬಾಡಿಗೆ, ಖಾಲಿ ಜಾಗ, ಸಾಲ, ಬೆಲೆ ಇವು ಹೇಗೆ ಒಂದಕ್ಕೊಂದು ಎಳೆಯುತ್ತವೆ ಎಂದು ಕಲಿಯಬಹುದು. ತಪ್ಪಾದರೆ ಹೋಗುವುದು ಎರಡು ಸಾವಿರದ ಒಂದು ಪಾಲು. ಊರಿನ ಜಮೀನು ಊರಿನಲ್ಲೇ ಇರುತ್ತದೆ. ಅಷ್ಟರಲ್ಲಿ ಮುಂಗಡಕ್ಕೆ ಬೇಕಾದ ಹಣ ಠೇವಣಿಯಲ್ಲಿ ಬೆಳೆಯಲಿ.

ಎ ಆದವು ಹೋದ ಮೇಲೆ ಉಳಿಯುವ ಬಿ

ಮುಂದಿನ ಕೆಲವು ವರ್ಷಗಳಲ್ಲಿ ಏನಾಗಬಹುದು? ಕಾಗದ ಸರಿಯಿರುವ ಬಿ ಖಾತಾ ಸೈಟುಗಳ ಮಾಲೀಕರು ಮೊದಲು ಅರ್ಜಿ ಹಾಕುತ್ತಾರೆ. ಅವು ಎ ಪುಸ್ತಕಕ್ಕೆ ಹೋಗುತ್ತವೆ, ಬೆಲೆ ಪಕ್ಕದವುಗಳ ಸಮಕ್ಕೆ ಬರುತ್ತದೆ. ಕೆಲವರು ದುಡ್ಡಿಲ್ಲದೆ, ಮಾಹಿತಿಯಿಲ್ಲದೆ ಹಿಂದೆ ಉಳಿಯುತ್ತಾರೆ. ಅವರ ಜೊತೆಗೆ ಅರ್ಜಿ ತಿರಸ್ಕಾರವಾದ, ಕೇಸಿನಲ್ಲಿರುವ, ಕಾಲುವೆ ಪಕ್ಕದ ಸೈಟುಗಳೂ ಬಿ ಪುಸ್ತಕದಲ್ಲೇ ಉಳಿಯುತ್ತವೆ.

ಇಲ್ಲಿಯವರೆಗೆ ಬಿ ಖಾತಾ ಎಂದರೆ ಒಳ್ಳೆಯದು ಕೆಟ್ಟದ್ದು ಎರಡೂ ಬೆರೆತ ಗುಂಪು. ಇನ್ನು ಮುಂದೆ ಆ ಗುಂಪಿನಲ್ಲಿ ತೊಡಕಿನ ಸೈಟುಗಳ ಪಾಲು ಜಾಸ್ತಿಯಾಗುತ್ತಾ ಹೋಗುತ್ತದೆ. ಇಷ್ಟು ದಿನ "ಎಲ್ಲರದ್ದೂ ಬಿ ಖಾತಾನೇ" ಎಂದರೆ ನಡೆಯುತ್ತಿತ್ತು. ಇನ್ನು ಮೇಲೆ "ಪಕ್ಕದ್ದೆಲ್ಲ ಎ ಆಗಿದೆ, ಇದೊಂದು ಯಾಕೆ ಆಗಿಲ್ಲ?" ಎಂದು ಪ್ರತಿಯೊಬ್ಬ ಗಿರಾಕಿಯೂ ಕೇಳುತ್ತಾರೆ. ಅಂಥ ಸೈಟಿನ ಬೆಲೆ ಇನ್ನೂ ಇಳಿಯುತ್ತದೆ. ಇಳಿದಷ್ಟೂ ಹೊಸಬರಿಗೆ ಅದು ಹೆಚ್ಚು ಅಗ್ಗವಾಗಿ ಕಾಣುತ್ತದೆ.

ಬಿ ಖಾತಾ ಸೈಟೇ ಬೇಕು ಎಂದು ಮನೆಯವರು ಪಟ್ಟು ಹಿಡಿದಿದ್ದರೆ ಒಂದು ದಾರಿ ಇದೆ. ಪರಿವರ್ತನೆಯ ಶುಲ್ಕವನ್ನು ಬೆಲೆಯಲ್ಲಿ ಸೇರಿಸಿಯೇ ಕೊಡುತ್ತೇವೆ, ಅರ್ಜಿ ನೀವೇ ಹಾಕಿ, ಎ ಖಾತಾ ಕೈಗೆ ಬಂದ ದಿನ ಕ್ರಯ ಮಾಡಿಕೊಳ್ಳೋಣ ಎಂದು ಮಾರುವವರಿಗೆ ಹೇಳಿ. ಈ ಮಾತಿಗೆ ಒಪ್ಪಿ ಅರ್ಜಿಯ ಸಂಖ್ಯೆ ತೋರಿಸುವವರ ಜೊತೆ ಮಾತು ಮುಂದುವರಿಸಬಹುದು. "ಅಷ್ಟೆಲ್ಲ ಕಾಯೋಕಾಗಲ್ಲ, ಬೇರೆ ಪಾರ್ಟಿ ರೆಡಿ ಇದೆ" ಎಂದರೆ ಆ ಸೈಟು ಬೇರೆ ಪಾರ್ಟಿಗೇ ಹೋಗಲಿ.